ಹಾವಿನ ಕಾಲು ಎಲ್ಲಿ ಹೋಯಿತು?

ಕಾಲು ಬೆಳೆಸುವ ಜೀನ್ ಹಾವಿನಲ್ಲಿ ಈಗಲೂ ಇದೆ. ಕೆಟ್ಟಿದ್ದು ಅದರ ಸ್ವಿಚ್ ಮಾತ್ರ.

ಆ ಜೀನ್ ಹೆಸರು ಸಾನಿಕ್ ಹೆಡ್ಜ್‌ಹಾಗ್ (ಹೌದು, ವಿಡಿಯೊ ಗೇಮ್‌ನ ಪಾತ್ರದ ಹೆಸರೇ!). ಭ್ರೂಣದಲ್ಲಿ ಮಿದುಳು, ಬೆನ್ನುಹುರಿ ರೂಪುಗೊಳ್ಳಲೂ ಇದೇ ಬೇಕು. ಹಾಗಾಗಿ ಜೀನೇ ಕೆಟ್ಟರೆ ಮರಿ ಬದುಕುವುದಿಲ್ಲ. ಆದರೆ ಕಾಲು ಮೂಡುವ ಜಾಗದಲ್ಲಿ ಅದನ್ನು ಆನ್ ಮಾಡುವುದು ಡಿಎನ್ಎಯ ಬೇರೆಯೇ ಒಂದು ತುಣುಕು. ಅದು ಕೆಟ್ಟರೆ ಹೋಗುವುದು ಕಾಲಷ್ಟೇ. ವಿಕಾಸಕ್ಕೆ ಸಿಕ್ಕ ಸಂದಿ ಇದೇ.

ಸುಮ್ನೆ ಊಹೆಯಲ್ಲ. 2016ರಲ್ಲಿ ಇಲಿಯ ಆ ತುಣುಕಿನ ಜಾಗಕ್ಕೆ ಹಾವಿನದ್ದನ್ನು ಹಾಕಿ ನೋಡಿದರು. ಹುಟ್ಟಿದ ಇಲಿಗಳಿಗೆ ಮೋಟುಗಾಲು!

ಹೆಬ್ಬಾವಿನಲ್ಲಿ ಸ್ವಿಚ್ ಪೂರ್ತಿ ಸತ್ತಿಲ್ಲ. ಭ್ರೂಣದಲ್ಲಿ ಹಿಂಗಾಲು ಮೊಳೆಯಲು ಶುರುವಾಗಿ ಅಲ್ಲಿಗೇ ನಿಂತುಬಿಡುತ್ತದೆ. ದೊಡ್ಡದಾದ ಮೇಲೂ ಬಾಲದ ಬುಡದಲ್ಲಿ ಉಗುರಿನಂಥ ಎರಡು ಮುಳ್ಳು ಉಳಿದಿರುತ್ತವೆ.