ಹಕ್ಕಿ ನೋಡುವವರು ಏನು ಓದುತ್ತಿದ್ದೀರಿ? ನನ್ನ ಉತ್ತರ

ಎರಡು ಪ್ರಶ್ನೆ ಕೇಳಿದ್ದೀರಿ. ಹಕ್ಕಿ ನೋಡುವ ಹವ್ಯಾಸ ಇರುವವರು ಈಗ ಏನು ಓದುತ್ತಿದ್ದೀರಿ ಅನ್ನುವುದು ಒಂದು. ಹೊಸದಾಗಿ ಬೈನಾಕ್ಯುಲರ್ ಕೊಂಡಿರುವ ನಿಮ್ಮಂಥವರು ಮೊದಲು ಯಾವ ಪುಸ್ತಕ ತಗೋಬೇಕು ಅನ್ನುವುದು ಇನ್ನೊಂದು. ಎರಡನೆಯದನ್ನೇ ಮೊದಲು ಹೇಳಿಬಿಡುತ್ತೇನೆ, ಅದರಲ್ಲಿ ದುಡ್ಡಿನ ವಿಷಯ ಇದೆ.

ಹಕ್ಕಿಯ ಹೆಸರು ಗುರುತಿಸುವ ಪುಸ್ತಕ, ಅಂದರೆ ಗೈಡ್, ಒಂದೇ ಒಂದು ಸಾಕು. ನಮ್ಮ ಕಡೆಯವರಿಗೆ ಗ್ರಿಮೆಟ್ ಮತ್ತು ಇನ್‌ಸ್ಕಿಪ್ ಅವರ 'ಬರ್ಡ್ಸ್ ಆಫ್ ಸದರ್ನ್ ಇಂಡಿಯಾ' ಚೆನ್ನಾಗಿ ಹೊಂದುತ್ತದೆ. ಇದೇ ಲೇಖಕರ ಹೆಸರಲ್ಲಿ ಇಡೀ ಉಪಖಂಡದ ದಪ್ಪ ಪುಸ್ತಕವೂ ಇದೆ, 1998ರಲ್ಲಿ ಬಂದದ್ದು, 2011ರಲ್ಲಿ ಮತ್ತೆ ತಿದ್ದಿ ತಂದರು. ಒಳ್ಳೆಯ ಪುಸ್ತಕವೇ. ಆದರೆ ಹೊಸಬರು ಅದರಲ್ಲಿ ಉಲಿಯಕ್ಕಿಗಳ (ವಾರ್ಬ್ಲರ್) ಪುಟ ತೆರೆದರೆ ತಲೆ ಕೆಡುತ್ತದೆ. ಹಿಮಾಲಯದಲ್ಲಿ ಮಾತ್ರ ಸಿಗುವ ಹಕ್ಕಿಗಳೂ ನಮ್ಮ ತೋಟಕ್ಕೆ ಬರುವ ಹಕ್ಕಿಗಳೂ ಒಂದೇ ಬಣ್ಣದಲ್ಲಿ ಸಾಲಾಗಿ ಕೂತಿರುತ್ತವೆ. ದಕ್ಷಿಣದ ಪುಸ್ತಕದಲ್ಲಿ ಆ ಗೊಂದಲ ಎಷ್ಟೋ ಕಡಿಮೆ. ಕನ್ನಡದಲ್ಲೇ ಬೇಕು, ಮನೆಯಲ್ಲಿ ಮಕ್ಕಳೂ ಇದ್ದಾರೆ ಅಂದರೆ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ತಗೊಳ್ಳಿ.

ಮೊಬೈಲಿನಲ್ಲಿ ಮರ್ಲಿನ್ ಅನ್ನುವ ಆ್ಯಪ್ ಇದೆಯಲ್ಲ, ಕೂಗು ಕೇಳಿಸಿದರೆ ಹೆಸರು ಬಂದುಬಿಡುತ್ತೆ, ಪುಸ್ತಕ ಯಾಕೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಆ್ಯಪ್ ಇಟ್ಟುಕೊಳ್ಳಿ, ನಾನೂ ಇಟ್ಟುಕೊಂಡಿದ್ದೇನೆ. ಆದರೆ ಪುಟ ತಿರುಗಿಸಿ ಹುಡುಕುವಾಗ ಹುಬ್ಬಿನ ಗೆರೆ ಇತ್ತಾ, ಕಾಲು ಯಾವ ಬಣ್ಣ, ಬಾಲ ಎತ್ತಿತ್ತಾ ಇಳಿಸಿತ್ತಾ ಅಂತ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗುತ್ತದೆ. ಮಾರನೇ ದಿನ ಅದೇ ಹಕ್ಕಿ ಸಿಕ್ಕಾಗ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಉಳಿದ ದುಡ್ಡನ್ನು ಇನ್ನೊಂದು ಗೈಡಿಗೆ ಹಾಕಬೇಡಿ. ಹಕ್ಕಿ ಏನು ಮಾಡುತ್ತದೆ, ಯಾಕೆ ಮಾಡುತ್ತದೆ ಅಂತ ಬರೆದವರನ್ನು ಓದಿ. ನಾನು ಈ ಉತ್ತರ ಬರೆಯಲು ಕೂತದ್ದೇ ಇದನ್ನು ಹೇಳೋಕೆ. ನಮ್ಮಲ್ಲಿ ಬಹಳ ಜನ ಪಟ್ಟಿ ಉದ್ದ ಮಾಡುವುದರಲ್ಲೇ ಇರುತ್ತಾರೆ, ಇವತ್ತು ಎಷ್ಟು ಜಾತಿ ಸಿಕ್ಕಿತು, ಹೊಸದು ಯಾವುದು ಅಂತ. ಅದೂ ಒಂದು ಖುಷಿಯೇ, ಬೇಡ ಅನ್ನಲ್ಲ. ಆದರೆ ಮನೆ ಮುಂದಿನ ಪಿಕಳಾರದ ಬಗ್ಗೆ ಏನೂ ಗೊತ್ತಿಲ್ಲದೆ ಅಪರೂಪದ ಹಕ್ಕಿಗಾಗಿ ಇನ್ನೂರು ಕಿಲೋಮೀಟರ್ ಹೋಗುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಪಕ್ಷಿತಜ್ಞ ಸಲೀಂ ಅಲಿಯವರ ಆತ್ಮಕತೆ 'ದಿ ಫಾಲ್ ಆಫ್ ಎ ಸ್ಪ್ಯಾರೋ', 1985ರ ಪುಸ್ತಕ. ಬಾಲ್ಯದಲ್ಲಿ ಹೊಡೆದ ಹಳದಿ ಕತ್ತಿನ ಗುಬ್ಬಿಯೇ ಅವರನ್ನು ಹಕ್ಕಿಗಳ ಕಡೆ ತಿರುಗಿಸಿದ ಕತೆ ಬಹಳ ಜನರಿಗೆ ಗೊತ್ತು, ಅದನ್ನು ಬಿಡಿ. ನೀವು 1930ರ ಭಾಗಕ್ಕೆ ಹೋಗಿ. ಜರ್ಮನಿಯಲ್ಲಿ ಕಲಿತು ವಾಪಸ್ ಬಂದಿದ್ದಾರೆ, ಕೈಯಲ್ಲಿ ಕೆಲಸ ಇಲ್ಲ, ಅಲಿಬಾಗ್ ಹತ್ತಿರದ ಕಿಹೀಮ್‌ನಲ್ಲಿ ಹೆಂಡತಿ ತೆಹಮೀನಾ ಜೊತೆ ಇದ್ದಾರೆ. ಮಳೆಗಾಲ. ಮನೆ ಹತ್ತಿರವೇ ಗೀಜುಗಗಳು ಗೂಡು ಕಟ್ಟುತ್ತಿವೆ. ಅವರು ದಿನಾ ಕೂತು ನೋಡುತ್ತಾರೆ, ಅಷ್ಟೇ. ಗಂಡು ಹಕ್ಕಿ ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಒಳಹೊಕ್ಕು ಪರೀಕ್ಷೆ ಮಾಡುತ್ತದೆ, ಒಪ್ಪಿದರೆ ಮಾತ್ರ ಗಂಡು ಉದ್ದನೆಯ ಕೊಳವೆ ಸೇರಿಸಿ ಗೂಡು ಪೂರ್ತಿ ಮಾಡುತ್ತದೆ, ಹೆಣ್ಣು ಮೊಟ್ಟೆ ಇಟ್ಟು ಕೂತ ಮೇಲೆ ಈ ಮಹಾರಾಯ ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡುತ್ತಾನೆ. ಇದನ್ನೆಲ್ಲ ಬರೆದ ಲೇಖನ 1931ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಬಂತು.

ನಮ್ಮೂರ ಕೆರೆ ಏರಿಯ ಈಚಲು ಮರದಲ್ಲಿ ಗೀಜುಗದ ಗೂಡುಗಳಿವೆ. ಅದರಲ್ಲಿ ಕೆಲವು ಹೆಲ್ಮೆಟ್ಟಿನ ಹಾಗೆ ಅರ್ಧಕ್ಕೇ ನಿಂತಿರುತ್ತವೆ, ಕೆಳಗೆ ಬಾಯಿ ತೆರೆದುಕೊಂಡು, ನಡುವೆ ಹುಲ್ಲಿನ ಒಂದು ಅಡ್ಡಪಟ್ಟಿ ಮಾತ್ರ. ಪುಸ್ತಕ ಓದಿದ ಮೇಲೆ ಅದೇ ಮರದ ಕೆಳಗೆ ಕೂತೆ. ಹಳದಿ ತಲೆಯ ಗಂಡುಗಳು ಪಟ್ಟಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತಾ ಕಿರುಚುತ್ತಿದ್ದವು. ಒಂದು ಹೆಣ್ಣು ಬಂದು ಹುಲ್ಲನ್ನು ಕೊಕ್ಕಿನಿಂದ ಎಳೆದು ನೋಡಿ ಹಾರಿಹೋಯಿತು. ಗಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತು ಮತ್ತೆ ಭತ್ತದ ಗರಿ ಸೀಳಿ ತರಲು ಗದ್ದೆಗೆ ಹೊರಟಿತು. ಆ ಅರ್ಧ ಗೂಡುಗಳು ವರ್ಷಾನುಗಟ್ಟಲೆ ಅಲ್ಲೇ ಇದ್ದವು, ಅವು ಹೆಣ್ಣಿನ ಒಪ್ಪಿಗೆ ಸಿಗದ ಗೂಡುಗಳು ಅಂತ ನೋಡಲು ಕಲಿಸಿದ್ದು ಈ ಪುಸ್ತಕ. ಯಾವ ಗೈಡೂ ಇದನ್ನು ಎರಡು ಸಾಲಿಗಿಂತ ಜಾಸ್ತಿ ಹೇಳುವುದಿಲ್ಲ, ಅದಕ್ಕೆ ಜಾಗವೂ ಇರುವುದಿಲ್ಲ.

ಈಗ ಓದುತ್ತಿರುವುದು ಎಂ. ಕೃಷ್ಣನ್ ಅವರ ಬರಹಗಳು. ರಾಮಚಂದ್ರ ಗುಹಾ ಸಂಪಾದಿಸಿದ 'ನೇಚರ್ಸ್ ಸ್ಪೋಕ್ಸ್‌ಮನ್' ಅನ್ನುವ ಸಂಗ್ರಹ. ಕೃಷ್ಣನ್ 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೂ 'ದಿ ಸ್ಟೇಟ್ಸ್‌ಮನ್' ಪತ್ರಿಕೆಗೆ ಅಂಕಣ ಬರೆದವರು. ತಮಿಳು ಮನೆತನದವರು, ಆದರೆ 1940ರ ದಶಕದಲ್ಲಿ ನಮ್ಮ ಸಂಡೂರಿನಲ್ಲಿ, ಆಗಿನ್ನೂ ಅದು ಸಂಸ್ಥಾನ, ಕೆಲಸದಲ್ಲಿದ್ದರು. ಅಂಕಣಗಳು ಚಿಕ್ಕವು, ರಾತ್ರಿ ಮಲಗುವ ಮುಂಚೆ ಒಂದು ಓದಿದರೆ ಸಾಕು. ದೊಡ್ಡ ಕಾಡುಪ್ರಾಣಿಗಳ ಬಗ್ಗೆಯೂ ಬರೆದಿದ್ದಾರೆ, ಆದರೆ ಊರೊಳಗಿನ ಜೀವಿಗಳ ಬಗ್ಗೆ ಬರೆದದ್ದೇ ನನಗೆ ಹೆಚ್ಚು ಇಷ್ಟ. ತಮಗೆ ಸರಿ ಅನಿಸದ್ದನ್ನು ಮುಲಾಜಿಲ್ಲದೆ ಹೇಳುತ್ತಾರೆ.

ಇನ್ನೊಬ್ಬರು ಇ.ಎಚ್. ಏಟ್ಕನ್, 'ಇಹಾ' ಅಂತಲೇ ಬರೆಯುತ್ತಿದ್ದರು. ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ, 1883ರಲ್ಲಿ ಮೇಲೆ ಹೇಳಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬರು. ಉತ್ತರ ಕನ್ನಡದ ಕಡೆಯ ಕಾಡು ಸುತ್ತಿ 'ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್' ಬರೆದರು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕೆಲವು ಕಡೆ ಸ್ಥಳೀಯರ ಬಗ್ಗೆ ಸಾಹೇಬರ ಧೋರಣೆ ಕಾಣುತ್ತದೆ, ಅದು ನನಗೆ ಹಿಡಿಸಲಿಲ್ಲ. ಕಾಡಿನ ವಿವರಕ್ಕಾಗಿ ಮಾತ್ರ ಓದಿ.

ಜೆ.ಎ. ಬೇಕರ್ ಅವರ 'ದಿ ಪೆರೆಗ್ರಿನ್' (1967) ಬಗ್ಗೆ ಎಲ್ಲರೂ ಹೇಳುತ್ತಾರೆ, ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಹತ್ತು ಚಳಿಗಾಲ ಡೇಗೆ ಅನ್ನುವ ಬೇಟೆಹಕ್ಕಿಯ ಹಿಂದೆ ಅಲೆದು ಒಂದೇ ಚಳಿಗಾಲದ ದಿನಚರಿ ಮಾಡಿ ಬರೆದದ್ದು. ಅದ್ಭುತ ಗದ್ಯ. ಆದರೆ ಅದನ್ನೇ ಮೊದಲು ಓದಬೇಡಿ, ನಿಧಾನಕ್ಕೆ ಹತ್ತುವ ಪುಸ್ತಕ ಅದು. ಡಿಸೆಂಬರ್‌ನಲ್ಲಿ ಯಾವುದಾದರೂ ಕೆರೆಯ ಮೇಲೆ ಡೇಗೆ ಬಾತುಗಳನ್ನು ಎಬ್ಬಿಸುವುದನ್ನು ಒಮ್ಮೆ ಕಂಡು ಆಮೇಲೆ ತೆರೆಯಿರಿ. ಕನ್ನಡದಲ್ಲಿ ಸುಮ್ನೆ ಖುಷಿಗೆ ಓದಲು ತೇಜಸ್ವಿಯವರ 'ಪರಿಸರದ ಕತೆ' ಇದ್ದೇ ಇದೆ, ನೀವು ಆಗಲೇ ಓದಿರುತ್ತೀರಿ ಅಂದುಕೊಂಡಿದ್ದೇನೆ.

ಖರ್ಚಿನ ಬಗ್ಗೆ ಒಂದು ಮಾತು. ಸಲೀಂ ಅಲಿಯವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' (ಮೊದಲ ಮುದ್ರಣ 1941) ಬೆಂಗಳೂರಿನ ಅವೆನ್ಯೂ ರೋಡ್ ಕಡೆ ಹಳೇ ಪುಸ್ತಕದ ಅಂಗಡಿಗಳಲ್ಲಿ ಕಣ್ಣಿಗೆ ಬಿದ್ದರೆ ಬಿಡಬೇಡಿ. ಹಳೇ ಮುದ್ರಣದಲ್ಲಿ ಇಂಗ್ಲಿಷ್ ಹೆಸರುಗಳು ಬೇರೆ ಇರುತ್ತವೆ. ಕೆಂಬೂತವನ್ನು ಕ್ರೋ ಫೆಸೆಂಟ್ ಅಂತ ಕೊಟ್ಟಿರುತ್ತಾರೆ, ಈಗಿನ ಪುಸ್ತಕದಲ್ಲಿ ಅದು ಗ್ರೇಟರ್ ಕೂಕಲ್. ಆದ್ದರಿಂದ ಅದನ್ನು ಗೈಡ್ ಆಗಿ ಅಲ್ಲ, ಹಕ್ಕಿಗಳ ನಡವಳಿಕೆ ಬಗ್ಗೆ ಓದಲು ಇಟ್ಟುಕೊಳ್ಳಿ. ನನ್ನ ಪ್ರತಿಯಲ್ಲಿ ಹಿಂದಿನ ಮಾಲೀಕರು ಪೆನ್ಸಿಲ್‌ನಲ್ಲಿ ಹಕ್ಕಿ ಕಂಡ ತಾರೀಕು, ಕೆರೆಯ ಹೆಸರು ಬರೆದಿದ್ದಾರೆ. ನಾನೂ ಅದರ ಪಕ್ಕದಲ್ಲೇ ಬರೆಯುತ್ತೇನೆ.

ನೀವು ಯಾವ ಊರಿನವರು ಅಂತ ಬರೆದಿಲ್ಲ. ಬೆಂಗಳೂರಾದರೆ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಗಾಜಿನ ಮನೆ ಹತ್ತಿರ ಹಕ್ಕಿ ನೋಡುವವರು ಸೇರುವ ರೂಢಿ ಬಹಳ ಕಾಲದಿಂದ ಇದೆ. ಹೋಗಿ ಪರಿಚಯ ಮಾಡಿಕೊಳ್ಳಿ, ಕೊಳ್ಳುವ ಮುಂಚೆ ಅವರ ಕೈಲಿರುವ ಗೈಡನ್ನು ತಿರುಗಿಸಿ ನೋಡಬಹುದು. ಕರಾವಳಿ ಅಥವಾ ಮಲೆನಾಡಾದರೆ ಹೇಳಿ. ಅಲ್ಲಿನ ಹಕ್ಕಿಗಳೇ ಬೇರೆ, ಅದಕ್ಕೆ ತಕ್ಕ ಹಾಗೆ ಇನ್ನೊಂದೆರಡು ಪುಸ್ತಕ ಯೋಚಿಸಿ ಕೆಳಗೆ ಸೇರಿಸುತ್ತೇನೆ.