ಅಪ್ಪನ ಮೊಬೈಲಿನಲ್ಲಿ ಕಾಣದ ಬಟನ್

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಅಪ್ಪನಿಗೆ ಕಣ್ಣು ಮಂಜಾಗಿದೆ ಅಂತ ಅವರ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟೆ. ಅವತ್ತಿನಿಂದ ಬಿಲ್ ಕಟ್ಟುವ ಒಂದು ಆ್ಯಪ್‌ನಲ್ಲಿ ‘ಮುಂದುವರಿಸಿ’ ಬಟನ್ನೇ ಕಾಣುತ್ತಿಲ್ಲ. ಯಾಕೆ? ನಾನು ಆ್ಯಪ್ ಮಾಡುವಾಗ ಇಂಥದ್ದನ್ನೆಲ್ಲ ಮೊದಲೇ ಊಹಿಸುವುದು ಹೇಗೆ?
– ಓದುಗಿ, ಶಿವಮೊಗ್ಗ

ಉತ್ತರ: ಬಟನ್ ಎಲ್ಲೂ ಹೋಗಿಲ್ಲ, ಪರದೆಯಿಂದ ಕೆಳಗೆ ಇಳಿದುಬಿಟ್ಟಿದೆ. ಆ ಪುಟವನ್ನು ಮೇಲಕ್ಕೆ ಸರಿಸಲು ಬರುವುದಿಲ್ಲ, ಅಲ್ವಾ? ಅಕ್ಷರ ಇಷ್ಟೇ ಇರುತ್ತದೆ ಎಂದುಕೊಂಡು ಮಾಡಿದವರು ಸ್ಕ್ರೋಲ್ ಕೊಟ್ಟಿಲ್ಲ. ಸದ್ಯಕ್ಕೆ ಅಕ್ಷರದ ಗಾತ್ರವನ್ನು ಒಂದೆರಡು ಹಂತ ಇಳಿಸಿ ನೋಡಿ. ಆದರೆ ತಪ್ಪು ನಿಮ್ಮ ಅಪ್ಪನದಲ್ಲ. 2023ರಲ್ಲಿ ಬಂದ ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಶೇ. 200ರವರೆಗೆ ಹಿಗ್ಗಿಸಬಹುದು. ನೀವು ಮಾಡುವ ಪ್ರತಿ ಪುಟವನ್ನೂ ಅಷ್ಟಕ್ಕೆ ಹಿಗ್ಗಿಸಿ ನೋಡಿ. ಬಟನ್ನಿಗೆ ಇಷ್ಟೇ ಎತ್ತರ ಎಂದು ಕಟ್ಟಿಹಾಕಬೇಡಿ. ಇಂಗ್ಲಿಷಿಗೆ ಅಳೆದ ಜಾಗದಲ್ಲಿ ನಮ್ಮ ಒತ್ತಕ್ಷರ ಅರ್ಧಕ್ಕೇ ಕತ್ತರಿಸಿಹೋಗುತ್ತದೆ.

ಇನ್ನು ಊಹೆಯ ಮಾತು. ಕೂತಲ್ಲೇ ಊಹಿಸಲು ಆಗುವುದಿಲ್ಲ, ಹೋಗಿ ನೋಡಬೇಕು.

ಕೆಲವು ವರ್ಷಗಳ ಹಿಂದೆ ಹಳ್ಳಿಯ ಹಾಲಿನ ಡೇರಿಯೊಂದಕ್ಕೆ ಟ್ಯಾಬ್‌ನಲ್ಲಿ ಲೆಕ್ಕ ಬರೆಯುವ ಆ್ಯಪ್ ಮಾಡಿದ್ದೆ. ಏನೇನು ಬೇಕು ಎಂದು ಕಾರ್ಯದರ್ಶಿಯವರನ್ನು ಕೇಳಿದೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ದುಡ್ಡು ಅಂದರು. ಎಲ್ಲ ಹಾಕಿಕೊಟ್ಟೆ. ಬೆಳಗ್ಗೆ 6 ಗಂಟೆಗೆ ಅಲ್ಲಿ ಹೋಗಿ ನಿಂತಾಗ ಕಂಡದ್ದೇ ಬೇರೆ. ಅವರ ಕೈಯೆಲ್ಲ ಹಾಲು, ನೀರು. ಟಚ್ ಸ್ಕ್ರೀನ್ ಎಷ್ಟೋ ಸಲ ನೀರಿನ ಹನಿಯನ್ನೂ ಬೆರಳೆಂದೇ ತಿಳಿಯುತ್ತದೆ. 4 ಒತ್ತಿದರೆ 7 ಬೀಳುತ್ತಿತ್ತು. ಪ್ರತಿಯೊಬ್ಬರ ಹಾಲು ಅಳೆದ ಮೇಲೂ ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸಿ, ಮತ್ತೆ ಒತ್ತುತ್ತಿದ್ದರು. ಹಿಂದೆ ಕ್ಯಾನ್ ಹಿಡಿದವರ ಸಾಲು. “ಅದೇನ್ ಬಿಡಿ ಸಾರ್, ಒರೆಸ್ಕೊಂಡ್ರೆ ಆಯ್ತು” ಅಂದರು. ಅದು ತೊಂದರೆ ಅಂತಲೇ ಅವರಿಗೆ ಅನ್ನಿಸಿರಲಿಲ್ಲ. ನಾನು ಕೇಳಿದಾಗ ಹೇಗೆ ಹೇಳಿಯಾರು? ಮುಂದಿನ ವಾರ ಒಂದು ಪ್ಲಾಸ್ಟಿಕ್ ನಂಬರ್ ಕೀಪ್ಯಾಡ್ ಜೋಡಿಸಿದೆ. ಪರದೆ ಮುಟ್ಟದೆ, ಅಂಕಿ ಮತ್ತು ಎಂಟರ್‌ನಲ್ಲೇ ಲೆಕ್ಕ ಮುಗಿಯುವಂತೆ ಆ್ಯಪ್ ಬದಲಿಸಿದೆ.

ನಿಮಗಂತೂ ಮನೆಯಲ್ಲೇ ಒಬ್ಬರಿದ್ದಾರೆ. ಮುಂದಿನ ಬಿಲ್ ಕಟ್ಟುವಾಗ ಅಪ್ಪನ ಪಕ್ಕ ಸುಮ್ನೆ ಕುಳಿತುಕೊಳ್ಳಿ. ‘ಅಲ್ಲಿ ಒತ್ತಿ’ ಅನ್ನಬೇಡಿ, ಮೊಬೈಲ್ ಕೈಯಿಂದ ತೆಗೆದುಕೊಳ್ಳಬೇಡಿ. ಒತ್ತಲು ಹೋದ ಬೆರಳು ಎಲ್ಲೆಲ್ಲಿ ತಡೆದು ನಿಲ್ಲುತ್ತದೋ ಅದನ್ನು ಬರೆದುಕೊಳ್ಳಿ.