ಯಾವ ಥೆರಪಿಗೆ ಸೇರಿಸಲಿ?

ಪ್ರಶ್ನೆ: ಮಗನಿಗೆ 4 ವರ್ಷ. ಎರಡು ಪದ ಸೇರಿಸಿ ಹೇಳುವುದೂ ಕಷ್ಟ. ‘ಶೂ ತಂದು ಬಾಗಿಲ ಹತ್ತಿರ ಇಡು’ ಅಂದರೆ ಶೂ ಹಿಡಿದು ನಿಂತುಬಿಡುತ್ತಾನೆ. ಮನೆಯಲ್ಲಿ ಎರಡು ಭಾಷೆ ಆಡುತ್ತೇವೆ. ಒಂದನ್ನು ಬಿಡಬೇಕೇ? ಯಾವ ಥೆರಪಿ ಒಳ್ಳೆಯದು?

ಉತ್ತರ: ಯಾವ ಭಾಷೆಯನ್ನೂ ಬಿಡಬೇಡಿ. ಎರಡು ಭಾಷೆ ಕೇಳುವುದರಿಂದ ಈ ತೊಂದರೆ ಬರುವುದಿಲ್ಲ.

ನನಗೆ ಚಿಂತೆ ಹುಟ್ಟಿಸಿದ್ದು ಆ ಶೂ. ಮಾತಾಡುವುದಷ್ಟೇ ಅಲ್ಲ, ಕೇಳಿದ್ದು ಅರ್ಥವಾಗುವುದೂ ಅವನಿಗೆ ಕಷ್ಟವಿರಬಹುದು. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿತಮಟೆಯ ಹಿಂದೆ ದ್ರವ ತುಂಬಿದರೆ ಮಾತು ಮಂಕಾಗಿ ಕೇಳುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ, ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಶೂ ವಿಷಯ ಖಂಡಿತ ಹೇಳಿ.

ಕೇಂದ್ರ ಆರಿಸುವಾಗ ಒಂದೇ ಮಾತು ಕೇಳಿ: ‘ನಮ್ಮನ್ನೂ ಒಳಗೆ ಕೂರಿಸಿಕೊಳ್ಳುತ್ತೀರಾ?’ ನಾನು ಥೆರಪಿಸ್ಟ್. ವಾರಕ್ಕೆ ಒಂದು ಗಂಟೆ ಸಿಗುತ್ತೇನೆ, ಅಷ್ಟೇ. ನೀವು ದಿನವಿಡೀ ಇರುತ್ತೀರಿ, ಅಲ್ವಾ? ಕೆನಡಾದಲ್ಲಿ 1975ರಲ್ಲಿ ಶುರುವಾದ ಹ್ಯಾನೆನ್ ಕಾರ್ಯಕ್ರಮ ಅಪ್ಪ-ಅಮ್ಮಂದಿರಿಗೇ ತರಬೇತಿ ಕೊಡುತ್ತದೆ. ಅದರಿಂದ ನಾನು ಕಲಿತದ್ದು ಕಾಯುವುದನ್ನು. ಸೋಪಿನ ಗುಳ್ಳೆ ಊದಿ, ಡಬ್ಬಿ ಮುಚ್ಚಿ, ಸುಮ್ನೆ ಅವನ ಮುಖ ನೋಡಿ. ಮನಸ್ಸಿನಲ್ಲೇ 10ರವರೆಗೆ ಎಣಿಸಿ. ‘ಗುಳ್ಳೆ’ ಅಂದರೆ ‘ದೊಡ್ಡ ಗುಳ್ಳೆ!’ ಎಂದು ಒಂದು ಪದ ಸೇರಿಸಿ, ಊದಿ. ‘ಹೇಳು, ಹೇಳು’ ಅಂತ ಒತ್ತಾಯ ಬೇಡ.

‘ಗಂಡುಮಕ್ಕಳು ಮಾತು ತಡ, ಬಿಡಿ’ ಎನ್ನುವವರು ಜಾಸ್ತಿ. ಅವರ ಮಾತು ನಂಬಿ ಕೂರಬೇಡಿ. ಈ ವಾರವೇ ಕಿವಿ ತೋರಿಸಿ.